ಹಂಚು ಬಿಡಿ

ಜನವರಿ ೧೪, ಭಾನುವಾರ

ನನ್ನ ಸಿಸ್ಟರಮ್ಮನಿಗೆ,

ನಿನ್ನ ಗಂಡನ ನಮಸ್ಕಾರಗಳು. ವಾರ್ಡಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಎಲ್ಲರೂ ನಿನಗೆ ನಮಸ್ಕಾರ ಹೊಡೆಯುತ್ತಿರುವಾಗ ನಾನೊಬ್ಬ ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು ನಾನೂ ಹೊಡೆದಿದ್ದೇನೆ, ತೆಗೆದುಕೋ. ಹೋದ ತಿಂಗಳೇ ಬರೆಯಬೇಕಿತ್ತು, ಆಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನಾನು ಪೀಠಿಕೆ ಮುಗಿಸುವುದರೊಳಗೆ ಆ ಕಡೆಯಿಂದ ಯಾರೋ ನಿನ್ನನ್ನು ಕೂಗುತ್ತಾರೆ. ನೀನು “ಆಮೇಲೆ ಮಾಡ್ತೀನಿ ರೀ” ಎಂದು ಇಟ್ಟುಬಿಡುತ್ತೀ. ಆ ಆಮೇಲೆ ಎನ್ನುವುದು ಇನ್ನೂ ಬಂದಿಲ್ಲ. “ಬರೆದು ಕಳಿಸಿ, ಬಿಡುವಾದಾಗ ಓದ್ತೀನಿ” ಅಂದವಳು ನೀನೇ. ಆದ್ದರಿಂದ ಈ ಕಾಗದ ಉದ್ದವಾದರೆ ನನ್ನನ್ನು ಬಯ್ಯುವಂತಿಲ್ಲ.

ಮೊದಲು ಮನೆಯ ಸಮಾಚಾರ. ಛಾವಣಿಯ ಸಿಮೆಂಟ್ ಶೀಟು ಮುಂಚೆ ಅಡುಗೆಮನೆಯಲ್ಲಿ ಮಾತ್ರ ಸೋರುತ್ತಿತ್ತು. ಈಗ ಹಾಲಿಗೂ ಬಡ್ತಿ ಸಿಕ್ಕಿದೆ. ಹೋದ ವಾರ ಅಕಾಲದಲ್ಲಿ ಒಂದು ಮಳೆ ಬಿತ್ತು, ನಿನ್ನ ಹೊಲಿಗೆ ಮಿಷನ್ನಿನ ನೆತ್ತಿಯ ಮೇಲೇ ನೀರು. ಅದನ್ನು ಬಾಗಿಲ ಪಕ್ಕಕ್ಕೆ ಎಳೆದು ಆ ಜಾಗಕ್ಕೆ ಬಕೆಟ್ ಇಟ್ಟೆ. ಊಟಕ್ಕೆ ಕೂತಾಗ ಬಕೆಟ್ಟಿನ ಟಪ್ ಟಪ್ ಕೇಳುತ್ತಿದ್ದರೆ ಮನೆಯಲ್ಲಿ ಇನ್ಯಾರೋ ಇದ್ದ ಹಾಗಿತ್ತು. ಬೇಸರಕ್ಕೆ ಹೇಳುತ್ತಿಲ್ಲ, ಸುಮ್ಮನೆ ಹೇಳಿದೆ.

ನೀನು ಹೋದ ಸಲ ಬಂದಾಗ, ಹೊರಡುವ ಹೊತ್ತಿಗೆ ಬ್ಯಾಗಿನ ಜಿಪ್ ಎಳೆಯುತ್ತಾ “ಈ ಮನೆ ಮಾರಿಬಿಡೋಣ ರೀ” ಅಂದೆಯಲ್ಲ, ಅವತ್ತಿನಿಂದ ನನಗೆ ಜೀವ ಬಂದ ಹಾಗಾಗಿದೆ. ನೀನು ಆ ಊರಿನ ಆಸ್ಪತ್ರೆಗೆ ಕೆಲಸಕ್ಕೆ ಹೋದ ಮೇಲೆ ನಾನು ಒಬ್ಬನೇ ಉಂಡು ಒಬ್ಬನೇ ತಟ್ಟೆ ತೊಳೆದದ್ದು ಸಾಕಾಗಿದೆ. ಮನೆ ಒಳ್ಳೆಯ ಬೆಲೆಗೆ ಹೋದರೆ ನಿನ್ನ ಆಸ್ಪತ್ರೆಯ ಹತ್ತಿರ ಎರಡು ಕೋಣೆಯ ಮನೆ ನಮಗೆ ಎಟುಕುತ್ತದೆ. ಹೋಗದಿದ್ದರೆ ನೀನು ಅಲ್ಲಿ ಹಾಸ್ಟೆಲ್ಲಿನ ಕೋಣೆಯಲ್ಲಿ, ನಾನು ಇಲ್ಲಿ ಬಕೆಟ್ಟಿನ ಪಕ್ಕದಲ್ಲಿ. ನಾವಿಬ್ಬರೂ ಮತ್ತೆ ಒಂದೇ ಸೂರಿನ ಕೆಳಗೆ ಇರುವುದು ಈಗ ಈ ಸೂರಿಗೆ ಏನು ಬೆಲೆ ಬರುತ್ತದೆ ಅನ್ನುವುದರ ಮೇಲೆ ನಿಂತಿದೆ. ಅದಕ್ಕೇ ಇಷ್ಟು ತಲೆ ಕೆಡಿಸಿಕೊಂಡಿದ್ದೇನೆ.

ಬ್ರೋಕರ್ ಬಂದಿದ್ದ. ಬೀದಿಯವರೆಲ್ಲ ಅವನನ್ನು ವಾಪಸಪ್ಪ ಅನ್ನುತ್ತಾರೆ, ಯಾಕೆಂದರೆ ಏನು ಕೇಳಿದರೂ “ಹಾಕಿದ್ದು ವಾಪಸ್ ಬರುತ್ತಾ, ಅದನ್ನ ನೋಡಿ” ಅನ್ನುತ್ತಾನೆ. ಅವನು ಮನೆಯೊಳಗೆ ಕಾಲೇ ಇಡಲಿಲ್ಲ. ನನ್ನನ್ನು ರಸ್ತೆಯ ಆಚೆ ಬದಿಗೆ ಕರೆದುಕೊಂಡು ಹೋಗಿ ನಿಲ್ಲಿಸಿ, “ಕೊಳ್ಳೋರು ಇಲ್ಲಿ ನಿಂತು ತಲೆ ಎತ್ತಿ ನೋಡ್ತಾರೆ ಸಾರ್. ಒಳಗೆ ಬರೋ ಹೊತ್ತಿಗೆ ರೇಟು ಅರ್ಧ ಆಗಿಹೋಗಿರುತ್ತೆ. ಈ ಶೀಟು ಇಟ್ಕೊಂಡು ಮಾರಿದ್ರೆ ಅದನ್ನೇ ತೋರಿಸಿ ತೋರಿಸಿ ಇಳಿಸ್ತಾರೆ” ಅಂದ.

“ಹಾಗಾದ್ರೆ ಏನು ಹಾಕಿಸ್ಬೇಕು?”

“ಬಣ್ಣದ ತಗಡು. ಖರ್ಚು ಕಮ್ಮಿ, ಕೆಲಸ ಬೇಗ, ಹೊಸ ಮನೆ ಥರ ಕಾಣುತ್ತೆ. ಹಾಕಿದ್ದು ಹೆಚ್ಚುಕಮ್ಮಿ ಅಷ್ಟೂ ವಾಪಸ್ ಬರುತ್ತೆ. ಹಂಚು ಚೆಂದವೇ, ಇಲ್ಲ ಅನ್ನಲ್ಲ. ಆದ್ರೆ ಹಾಕಿದ್ರಲ್ಲಿ ಅರ್ಧ ಮೇಲೇ ಕೂತ್ಬಿಡುತ್ತೆ, ಕೆಳಗೆ ಇಳಿಯಲ್ಲ.”

ಸರಿ, ತಗಡು ಎಂದು ತೀರ್ಮಾನ ಮಾಡಿಕೊಂಡು ನೆಮ್ಮದಿಯಾಗಿ ಒಂದು ಟೀ ಕುಡಿದೆ. ಟೀ ಮುಗಿಯುವುದರೊಳಗೆ ಮೇಸ್ತ್ರಿ ಬಂದ. ಅವನದು ಪ್ರಶ್ನೆಗೆ ಪ್ರಶ್ನೆಯೇ ಉತ್ತರ. “ಇದು ಮಾರೋ ಮನೆಯೋ, ಇರೋ ಮನೆಯೋ?” ಎಂದು ಕೇಳಿದ. “ಮಾರೋ ಮನೆ. ಆದ್ರೆ ಮಾರೋ ತನಕ ಇರೋ ಮನೆ” ಅಂದೆ. ಅವನು ಏಣಿ ಇಟ್ಟು ಹತ್ತುತ್ತಾ, “ಮಾರೋ ಮನೆಗೆ ತಗಡು, ಇರೋ ಮನೆಗೆ ಹಂಚು. ನಿಮ್ದು ಎರಡೂ ಅಂದ್ರೆ ನಾನೇನು ಹಾಕ್ಲಿ?” ಅಂದ. ತಾರಸಿ ಹಾಕಿಸಿದರೆ ಹೇಗೆ ಎಂದು ಕೇಳಿದ್ದಕ್ಕೆ ಗೋಡೆಯನ್ನು ಬೆರಳಲ್ಲಿ ತಟ್ಟಿ, ಈ ಗೋಡೆ ಅಷ್ಟು ಭಾರ ಹೊರುವುದಿಲ್ಲ, ಅದನ್ನು ಮರೆತುಬಿಡಿ ಅಂದ. ಒಂದಾದರೂ ಕಮ್ಮಿಯಾಯಿತಲ್ಲ ಎಂದು ಅವನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಆಮೇಲೆ ನಮ್ಮ ಅಕ್ಕ. ಎರಡು ಬೀದಿ ಆಚೆ ಇರುವವಳಿಗೆ ನಮ್ಮ ಮನೆಯ ಮುಂದೆ ಏಣಿ ನಿಂತದ್ದು ಹೇಗೆ ಗೊತ್ತಾಯಿತೋ, ಬಂದೇಬಿಟ್ಟಳು. “ತಗಡು ಹಾಕಿಸ್ಬೇಡ ಕಣೋ. ಮಳೆ ಬಂದ್ರೆ ಹಂಡೆಯೊಳಗೆ ಕೂತ ಹಾಗಿರುತ್ತೆ. ಬಿಸಿಲು ಬಂದ್ರೆ ಹಂಡೆಯೊಳಗೆ ಬೆಂದ ಹಾಗಿರುತ್ತೆ. ಕೊಳ್ಳೋರಿಗೆ ಕಿವಿ ಇಲ್ವಾ, ಮೈ ಇಲ್ವಾ?” ಅದೂ ನಿಜವೇ ಅನ್ನಿಸಿತು. ಇಬ್ಬರ ಮಾತೂ ಉಳಿಯಲಿ ಎಂದು ಅಂಗಡಿಯಲ್ಲಿ ಹಂಚಿನ ಹಾಗೆಯೇ ಕಾಣುವ ತಗಡು ನೋಡಿಕೊಂಡು ಬಂದೆ. ವಾಪಸಪ್ಪ ಅದನ್ನು ಎರಡೂ ಕಡೆ ಲಾಭ ಅಂದ. ಅಕ್ಕ ಎರಡೂ ಕಡೆ ಮೋಸ ಅಂದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಆ ಗಾಡಿಯಲ್ಲಿ ಕೂತವನು ನಾನು.

ಬೇರೆಯವರ ಅನುಭವ ನೋಡೋಣವೆಂದರೆ ಅಲ್ಲೂ ದಾರಿ ಕಾಣುವುದಿಲ್ಲ. ಮೂಲೆಮನೆಯವರು ತಗಡು ಹಾಕಿಸಿ ಮಾರಿದರು, ಒಳ್ಳೆಯ ಬೆಲೆ ಬಂತು. ಔಷಧಿ ಅಂಗಡಿ ಪಕ್ಕದವರು ಹಂಚು ಹಾಕಿಸಿ ಮಾರಿದರು, ಅವರಿಗೂ ಒಳ್ಳೆಯ ಬೆಲೆಯೇ ಬಂತು. ಎದುರುಮನೆಯವರು ಏನೂ ಹಾಕಿಸದೆ, ಕಸ ಸಹ ಗುಡಿಸದೆ ಮಾರಿದರು. ಅವರಿಗೆ ಎಲ್ಲರಿಗಿಂತ ಹೆಚ್ಚು ಬಂತು.

ಕನ್ನಡಕದ ಅಂಗಡಿಯಲ್ಲಿ ಇಡೀ ದಿನ ನಾನು ಮಾಡುವ ಕೆಲಸ ನಿನಗೆ ಗೊತ್ತೇ ಇದೆ. ಒಂದು ಗಾಜು ಹಾಕಿ “ಇದು ಚೆನ್ನಾಗಿ ಕಾಣುತ್ತಾ?”, ಇನ್ನೊಂದು ಹಾಕಿ “ಇಲ್ಲಾ, ಇದಾ?” ಎಂದು ಕೇಳುವುದು. ಗಿರಾಕಿಗಳು “ಎರಡೂ ಒಂದೇ ಥರ ಇದೆ” ಅಂದರೆ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಈಗ ಅವರ ಮೇಲೆ ಕನಿಕರ ಬಂದಿದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಸೂರು ಬದಲಿಸಿ ನೋಡು ಅನ್ನುವುದನ್ನು ಯಾಕೆ ಬಿಟ್ಟರೋ.

ನೀನು ಒಂದು ಮಾತು ಹೇಳು, ಸಾಕು. ನೀನು ಹೇಳಿದ್ದೇ ಕಡೆ. ಹೇಳುವಾಗ ಹಂಚು ಅನ್ನುತ್ತೀಯೋ ನಿನ್ನ ತವರಿನವರ ಹಾಗೆ ಹೆಂಚು ಅನ್ನುತ್ತೀಯೋ, ಅದು ನಿನಗೆ ಬಿಟ್ಟದ್ದು. ಮದುವೆಯಾದ ಹೊಸದರಲ್ಲಿ ಅದಕ್ಕೇ ಒಂದು ದಿನ ಮಾತು ಬಿಟ್ಟಿದ್ದೆವಲ್ಲ. “ಹೆಂಚು ಅನ್ನೋದು ಸರಿ, ಹಂಚು ಅಂದ್ರೆ ಪಾಲು ಮಾಡೋದು” ಎಂದು ನೀನು ನನಗೆ ಪಾಠ ಹೇಳಿದ್ದೆ. ನಾನು ಇನ್ನೂ ತಿದ್ದಿಕೊಂಡಿಲ್ಲ, ನೀನೂ ಬಿಟ್ಟಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಂತುಕೊಂಡೇ ಉಣ್ಣುವ ಅಭ್ಯಾಸ ಬಿಡು. ನಿನ್ನ ರೋಗಿಗಳೆಲ್ಲ ಬೇಗ ಎದ್ದು ಮನೆಗೆ ಹೋಗಲಿ, ನಿನಗೆ ಕಾಗದ ಬರೆಯುವಷ್ಟು ಬಿಡುವಾಗಲಿ.

ನಿನ್ನ
ಕನ್ನಡಕದವನು

ಮರೆತಿದ್ದೆ: ನಿನ್ನ ಆಸ್ಪತ್ರೆಯ ಸುತ್ತಮುತ್ತ ಕನ್ನಡಕದ ಅಂಗಡಿ ಇದೆಯಾ ನೋಡು. ನಾನು ಅಲ್ಲಿಗೆ ಬಂದ ಮೇಲೆ ಕೈ ಕಟ್ಟಿಕೊಂಡು ಕೂರಲಾರೆ.


ಫೆಬ್ರವರಿ ೨೫, ಭಾನುವಾರ

ಸಿಸ್ಟರಮ್ಮ,

ಕ್ಷೇಮವೆಂದು ನಂಬಿ ಬರೆಯುತ್ತಿದ್ದೇನೆ. ಕಾಗದಕ್ಕೆ ಕಾಗದ ಬರಲಿಲ್ಲ, ಫೋನಾದರೂ ಬಂತಲ್ಲ ಎಂದು ಸಮಾಧಾನ. ಈ ಸಲದ ತಡಕ್ಕೆ ನಾನು ಕಾರಣನಲ್ಲ, ನೀನು. ನೀನು ಹೇಳಿದ ಒಂದು ಮಾತನ್ನು ಬಿಡಿಸುವುದಕ್ಕೆ ಇಷ್ಟು ದಿನ ಹಿಡಿಯಿತು.

ಅವತ್ತು ನೀನು ವಾರ್ಡಿನಿಂದ ಮಾಡಿದ್ದೆ. ಹಿಂದೆ ಯಾರೋ ಮಂಚ ಎಳೆಯುವ ಸದ್ದು, ಯಾವುದೋ ಮಗುವಿನ ಅಳು. ನಾನು ಅಂಗಡಿಯಲ್ಲಿ ಲೆನ್ಸ್ ಉಜ್ಜುವ ಮಿಷನ್ ನಿಲ್ಲಿಸಿ ಕಿವಿಗೊಟ್ಟೆ. “ತಗಡೋ ಹಂಚೋ, ಒಂದು ಹೇಳಿಬಿಡು” ಎಂದು ಕೇಳಿದೆ. ನೀನು ಮನೆ ಅಂದೆ, ಮಾರಿ ಅಂದೆ, ನಡುವೆ ಏನೋ ನುಂಗಿಹೋಯಿತು, ಕಡೆಗೆ “ಹಂಚು ಬಿಡಿ” ಅಂದೆ. “ಏನು?” ಎಂದು ನಾನು ಕೇಳಿದೆ. ನೀನು ಇನ್ನೊಂದು ಸಲ ಅದನ್ನೇ ಅಂದೆ. “ಹಂಚು ತಾನೆ?” ಎಂದು ಕೇಳಿದ್ದಕ್ಕೆ ನೀನು ಮಾತಾಡಲಿಲ್ಲ. ಆಮೇಲೆ “ನಿಮಗೆ ಸರಿ ಅನಿಸಿದ್ದು ಮಾಡಿ” ಎಂದು ಇಟ್ಟೆ.

ಇಟ್ಟ ಮೇಲೆ ಶುರುವಾಯಿತು ನೋಡು. ಹಂಚು ಬಿಡಿ ಅಂದರೆ ಏನು ಅರ್ಥ? ಹಂಚಿನ ವಿಚಾರ ಬಿಟ್ಟುಬಿಡಿ, ತಗಡು ಹಾಕಿಸಿ ಅಂತಲೋ? ಅಥವಾ ‘ಹಂಚೇ ಬಿಡಿ, ಅದರಲ್ಲಿ ಕೇಳೋದೇನಿದೆ’ ಅಂತಲೋ? ನೀನು ಎರಡೂ ಥರ ಮಾತಾಡುತ್ತೀ. “ಅವರ ಮಾತು ಬಿಡಿ” ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ ಅಂತ. “ಅವರು ಒಳ್ಳೆಯವರು ಬಿಡಿ” ಅಂದರೆ ಸಂಶಯವೇ ಬೇಡ ಅಂತ. ಇಷ್ಟು ವರ್ಷ ಸಂಸಾರ ಮಾಡಿ ನಿನ್ನ ಒಂದು ‘ಬಿಡಿ’ ಎಲ್ಲಿ ಬಿಡುತ್ತದೆ ಎಲ್ಲಿ ಹಿಡಿಯುತ್ತದೆ ಎಂದು ನನಗೆ ತಿಳಿಯಲಿಲ್ಲ.

ಮೇಸ್ತ್ರಿಯನ್ನು ಕೇಳಿದೆ. “ಅಮ್ಮಾವ್ರು ಬಿಡಿ ಅಂದಮೇಲೆ ಬಿಟ್ಬಿಡಿ, ತಗಡು ತರಿಸ್ತೀನಿ” ಅಂದ. ಅಕ್ಕನನ್ನು ಕೇಳಿದೆ. ಅವಳು, “ಹೇಗಂದ್ಲು? ಎಳೆದು ಅಂದ್ಲಾ, ಕುಕ್ಕಿ ಅಂದ್ಲಾ?” ಎಂದು ವಿಚಾರಣೆ ಶುರು ಮಾಡಿದಳು. ಎಳೆಯಲೂ ಇಲ್ಲ, ಕುಕ್ಕಲೂ ಇಲ್ಲ, ಮೆಲ್ಲಗೆ ಅಂದಳು ಅಂದೆ. “ಮೆಲ್ಲಗೆ ಅಂದ್ರೆ ಮನಸ್ಸಲ್ಲಿ ಆಸೆ ಇದೆ ಅಂತ ಕಣೋ, ಬಾಯಿಬಿಟ್ಟು ಹೇಳೋಕೆ ಸಂಕೋಚ. ಹಂಚೇ ಹಾಕ್ಸು” ಎಂದು ತೀರ್ಪು ಕೊಟ್ಟಳು.

ನನಗೂ ಅದೇ ಸರಿ ಅನ್ನಿಸಿತು. ನಿಜ ಹೇಳಬೇಕೆಂದರೆ ಅದೇ ಸರಿ ಆಗಲಿ ಅನ್ನಿಸಿತು. ಮಾರುವ ಮನೆಗೆ ಹಂಚು ಬೇಕು ಅನ್ನುವವಳು ಅದರ ಮೇಲೆ ಇನ್ನೂ ಸ್ವಲ್ಪ ಮೋಹ ಇಟ್ಟುಕೊಂಡಿದ್ದಾಳೆ ಎಂದು ಲೆಕ್ಕ ಹಾಕಿದೆ. ಅದು ತಪ್ಪಾ?

ವಾಪಸಪ್ಪನಿಗೆ ಸುದ್ದಿ ಮುಟ್ಟಿ ಓಡಿಬಂದ. “ಯಾಕೆ ಸಾರ್ ಹೀಗ್ ಮಾಡಿದ್ರಿ? ಅರ್ಧ ವಾಪಸ್ ಬರಲ್ಲ ಅಂದಿದ್ದೆ” ಎಂದು ಹಣೆ ಒರೆಸಿಕೊಂಡ. “ನಮ್ಮನೆಯವಳು ಹೇಳಿದ್ದು” ಅಂದೆ. “ಮೇಡಂ ಹೇಳಿದ್ರಾ? ಹಂಚು ಹಾಕ್ಸಿ ಅಂತ?” ಎಂದು ಎರಡು ಸಲ ಕೇಳಿದ. ಹೌದು ಅಂದೆ. ತಲೆ ಕೆರೆದುಕೊಂಡು ಹೋದ. ಅವನಿಗೇನಾಯಿತೋ ನನಗೆ ತಿಳಿಯಲಿಲ್ಲ.

ಈಗ ಕೆಲಸ ಶುರುವಾಗಿದೆ. ಹಾಲಿನ ಮೇಲಿನ ಶೀಟು ತೆಗೆದರು. ಕೆಳಗೆ ಕೂತು ತಲೆ ಎತ್ತಿದರೆ ನೇರ ಆಕಾಶ. ಇಷ್ಟು ವರ್ಷ ನಮ್ಮ ತಲೆಯ ಮೇಲೆ ಇಷ್ಟು ಬೆಳಕಿತ್ತು ಎಂದು ಗೊತ್ತೇ ಇರಲಿಲ್ಲ ನೋಡು. ಹಳೇ ತೊಲೆಗಳು ಗಟ್ಟಿಯಾಗಿವೆಯಂತೆ, ಹಂಚು ಕೂರುವ ಅಡ್ಡಪಟ್ಟಿಗಳನ್ನು ಮಾತ್ರ ಹೊಸದಾಗಿ ಹೊಡೆಯುತ್ತಿದ್ದಾರೆ. ಅಂಗಳದಲ್ಲಿ ಹಂಚಿನ ರಾಶಿ. ಒಂದನ್ನು ಬೆರಳಲ್ಲಿ ತಟ್ಟಿದರೆ ಠಣ್ ಅನ್ನುತ್ತದೆ. ಠಣ್ ಅಂದರೆ ಒಳ್ಳೆಯದು, ಠಪ್ ಅಂದರೆ ಒಳಗೆ ಬಿರುಕು ಎಂದು ಮೇಸ್ತ್ರಿ ತೋರಿಸಿಕೊಟ್ಟ. ಆವತ್ತಿನಿಂದ ಮನೆಯಲ್ಲಿರುವ ಲೋಟ, ತಟ್ಟೆ, ಗೋಡೆ ಎಲ್ಲವನ್ನೂ ತಟ್ಟಿ ನೋಡುತ್ತಿದ್ದೇನೆ.

ರಾಶಿಯ ಫೋಟೋ ತೆಗೆದು ನಿನಗೆ ಕಳಿಸಿದ್ದೆ. ನೀನು ನೋಡಿದ್ದೀಯೆಂದು ಫೋನು ತೋರಿಸುತ್ತಿದೆ. ಬಣ್ಣ ಹಿಡಿಸಲಿಲ್ಲವಾ? ಹಿಡಿಸದಿದ್ದರೆ ಹೇಳು, ಇದಕ್ಕಿಂತ ಸ್ವಲ್ಪ ಗಾಢವಾದದ್ದೂ ಸಿಗುತ್ತದೆ.

ನಿನ್ನ ಕೈಗುಣ ಹೀಗೇ ಇರಲಿ. ವಾರ್ಡಿನಲ್ಲಿ ನಿಂತು ನಿಂತು ಬಂದ ಕಾಲುನೋವು ಕಮ್ಮಿಯಾಗಲಿ.

ನಿನ್ನ
ಕನ್ನಡಕದವನು

ಇನ್ನೊಂದು: ಎರಡು ಕೋಣೆಯ ಮನೆಗೆ ಬಾಡಿಗೆ ಎಷ್ಟಿದೆ ಎಂದು ಸುಮ್ಮನೆ ವಿಚಾರಿಸಿಡು. ಕೊಳ್ಳುವ ತನಕ ಬಾಡಿಗೆಗೆ ಇದ್ದರಾಯಿತು.


ಮಾರ್ಚ್ ೧೭, ಭಾನುವಾರ

ಸಿಸ್ಟರಮ್ಮನಿಗೆ,

ಹೇಗಿದ್ದೀಯ ಎಂದು ಕೇಳುವುದಕ್ಕೆ ಕೈ ಬರುತ್ತಿಲ್ಲ. ಚೆನ್ನಾಗಿದ್ದೀಯ ಎಂದು ಅಕ್ಕ ಹೇಳಿದಳು. ಅದನ್ನೇ ಹಿಡಿದುಕೊಂಡು ಒಂದು ವಾರದಿಂದ ಕೂತಿದ್ದೆ, ಅದಕ್ಕೆ ಈ ತಡ.

ಆದದ್ದು ಹೀಗೆ. ಹಾಲಿನ ಮೇಲೆ ಹಂಚು ಹಾಕಿ ಮುಗಿದಿತ್ತು. ಅಡುಗೆಮನೆ ಮತ್ತು ಕೋಣೆಯ ಮೇಲೆ ಇನ್ನೂ ಹಳೇ ಶೀಟೇ ಇತ್ತು. ಅಕ್ಕ ನೋಡಲು ಬಂದಳು. ಮೇಸ್ತ್ರಿ ಮೇಲೆ, ನಾವಿಬ್ಬರೂ ಅಂಗಳದಲ್ಲಿ. ನಾನು ಖುಷಿಯಲ್ಲಿದ್ದೆ. ನೀನು ಫೋನಿನಲ್ಲಿ ಹೇಳಿದ್ದನ್ನು ನಿನ್ನ ದನಿಯಲ್ಲೇ ಅನುಕರಣೆ ಮಾಡಿ ತೋರಿಸಿದೆ: “ಹಂಚು ಬಿಡಿ.” ಅಕ್ಕ ನಗಲಿಲ್ಲ. “ಇನ್ನೊಂದ್ಸಲ ಅನ್ನು” ಅಂದಳು. ಅಂದೆ.

“ಹಂಚು ಅಂದ್ಲಾ, ಹೆಂಚು ಅಂದ್ಲಾ?”

“ಹಂಚು.”

“ಅವಳು ಯಾವತ್ತು ಹಂಚು ಅಂದಿದ್ದಾಳೋ? ಅವಳ ಬಾಯಲ್ಲಿ ಯಾವಾಗ್ಲೂ ಹೆಂಚು. ನೀನು ಹಂಚು ಅಂದಾಗೆಲ್ಲ ತಿದ್ದೋಳು ಅವಳು.”

ಬಹುಶಃ ನನ್ನ ಸಹವಾಸದಿಂದ ಮಾತು ಬದಲಾಗಿರಬಹುದು ಅಂದೆ. ನನ್ನ ಕಿವಿಗೇ ಆ ಮಾತು ಬಾಲಿಶವಾಗಿ ಕೇಳಿಸಿತು. ಅಕ್ಕ ಆಗಲೇ ಫೋನ್ ತೆಗೆದುಕೊಂಡು ಹಿತ್ತಿಲಿಗೆ ಹೋಗಿದ್ದಳು. ನೀನು ಈ ಸಲ ತಕ್ಷಣ ಎತ್ತಿಕೊಂಡೆ ಅಂತ ಕಾಣುತ್ತದೆ. ಅವಳು ಆ ಕಡೆ ಎಷ್ಟು ಹೊತ್ತು ನಿಂತಿದ್ದಳೋ, ನಾನು ಅಷ್ಟು ಹೊತ್ತೂ ಕೈಯಲ್ಲಿದ್ದ ಒಂದು ಹಂಚನ್ನು ಕೆಳಗಿಡಲಿಲ್ಲ.

ಬಂದವಳು ನನ್ನ ಮುಖ ನೋಡದೆ ಹೇಳಿದಳು. “ಅವಳು ಹೇಳಿದ್ದು ಹೆಂಚಿನ ವಿಷಯ ಅಲ್ವಂತೆ ಕಣೋ. ಮನೆ ಮಾರಿ ಬಂದದ್ದನ್ನ ಹಂಚಿಬಿಡಿ ಅಂದಿದ್ದಂತೆ. ನೀನು ಹಂಚು ತಾನೆ, ಹಂಚು ತಾನೆ ಅಂತ ಕೇಳ್ತಾನೇ ಹೋದ್ಯಂತೆ. ಅವಳಿಗೆ ಮತ್ತೆ ಬಾಯಿ ಬರ್ಲಿಲ್ವಂತೆ.”

ನಂಬಿದರೆ ನಂಬು, ಆಗಲೂ ನನಗೆ ಅರ್ಥವಾಗಲಿಲ್ಲ. ಯಾರಿಗೆ ಹಂಚುವುದು ಎಂದು ಕೇಳಿದೆ. ನಮಗೆ ಮಕ್ಕಳಿಲ್ಲ. ನನಗೆ ಅಣ್ಣತಮ್ಮಂದಿರಿಲ್ಲ. ಅಕ್ಕ ಎಂದೂ ಏನೂ ಕೇಳಿದವಳಲ್ಲ. ಇರುವವರು ನಾವಿಬ್ಬರು. ಇಬ್ಬರೇ ಇರುವ ಮನೆಯಲ್ಲಿ ಹಂಚುವುದು ಅಂದರೆ ಏನು ಎಂದು ಕೇಳುತ್ತಾ ಕೇಳುತ್ತಾ ನನಗೇ ಗೊತ್ತಾಯಿತು. ಅಕ್ಕ ನನ್ನ ಕೈಯಿಂದ ಹಂಚನ್ನು ತೆಗೆದು ರಾಶಿಯ ಮೇಲಿಟ್ಟಳು.

ಜಗಳವೇನಾದರೂ ಇತ್ತಾ ಎಂದು ಅವಳು ನಿನ್ನನ್ನು ಕೇಳಿದಳಂತೆ. “ಯಾವ ಜಗಳಾನೂ ಇಲ್ಲ ಅಕ್ಕ. ಅವರು ಕೆಟ್ಟವರೂ ಅಲ್ಲ. ಇಲ್ಲಿ ಒಬ್ಳೇ ಇದ್ದು ನಂಗೆ ಚೆನ್ನಾಗಿದೆ, ಅಷ್ಟೇ” ಅಂದೆಯಂತೆ. ಈ ಮಾತನ್ನು ನಾನು ತಗಡು ಹಂಚುಗಳಿಗಿಂತ ಹೆಚ್ಚು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಜಗಳವಿದ್ದರೆ ಅದನ್ನು ಹಿಡಿದುಕೊಂಡು ಏನಾದರೂ ಮಾಡಬಹುದಿತ್ತು. ನಾನು ಕುಡಿಯುತ್ತಿದ್ದರೆ ಬಿಡುತ್ತಿದ್ದೆ, ಬಯ್ಯುತ್ತಿದ್ದರೆ ನಿಲ್ಲಿಸುತ್ತಿದ್ದೆ. ಚೆನ್ನಾಗಿದೆ ಅನ್ನುವುದಕ್ಕೆ ಏನು ಮದ್ದು? ನೀನು ಚೆನ್ನಾಗಿರಬೇಕು ಎಂದು ಪ್ರತಿ ಕಾಗದದಲ್ಲೂ ಹಾರೈಸಿದವನು ನಾನೇ. ಈಗ ಚೆನ್ನಾಗಿದ್ದೀಯ ಎಂದು ಅಳುವುದು ಹೇಗೆ?

ಎರಡು ಕೋಣೆಯ ಮನೆ ಅಂದದ್ದು ನಾನು, ಅದು ಈಗ ಹೊಳೆಯುತ್ತಿದೆ. ನೀನು ಮಾರೋಣ ಅಂದೆ, ಅಷ್ಟೇ. ಮುಂದಿನದನ್ನೆಲ್ಲ ನಾನೇ ಕಟ್ಟಿದೆ. ಅದಕ್ಕೆ ನೀನು ಬ್ಯಾಗಿನ ಜಿಪ್ ಎಳೆಯುತ್ತಾ ಹ್ಞೂಂ ಅಂದೆಯಾ ಎಂದು ನೆನಪು ಮಾಡಿಕೊಳ್ಳುತ್ತೇನೆ. ಒಂದು ದಿನ ಅಂದ ಹಾಗಿರುತ್ತದೆ, ಮಾರನೆಯ ದಿನ ಅನ್ನದೇ ಇದ್ದ ಹಾಗಿರುತ್ತದೆ.

ನಾವು ಹೀಗೆ ಮಾತಾಡುತ್ತಿರುವಾಗ ಮೇಸ್ತ್ರಿ ಮೇಲಿನಿಂದ ಎಲ್ಲ ಕೇಳಿಸಿಕೊಂಡಿದ್ದ ಅಂತ ಕಾಣುತ್ತದೆ. ಕೆಮ್ಮಿ, “ಸಾರ್, ಮುಂದುವರಿಸ್ಲಾ, ನಿಲ್ಲಿಸ್ಲಾ?” ಎಂದು ಕೇಳಿದ. ಮನೆಯನ್ನು ನೋಡಿದೆ. ಅರ್ಧ ಕೆಂಪು, ಅರ್ಧ ಬೂದಿ. ಹೋಗುವವರು ಬರುವವರು ನಿಂತು ನೋಡುವ ಹಾಗಿತ್ತು. ನಿಲ್ಲಿಸಿದರೆ ಕೊಳ್ಳುವವರು ಯಾರೂ ಇಲ್ಲ. ಮುಂದುವರಿಸಿದರೆ ಹಾಕಿದ್ದು ವಾಪಸ್ ಬರುವುದಿಲ್ಲ. ಇದರಲ್ಲಿ ಯಾವುದು ಹೆಚ್ಚಿನ ನಷ್ಟ ಎಂದು ಯೋಚಿಸಲು ಹೋದೆ. ತಲೆ ಓಡಲಿಲ್ಲ. “ನೀನಾಗಿದ್ರೆ ಏನ್ ಮಾಡ್ತಿದ್ದೆ?” ಎಂದು ಅವನನ್ನೇ ಕೇಳಿದೆ. ಜೀವಮಾನದಲ್ಲಿ ಮೊದಲನೇ ಸಲ ಅವನು ಪ್ರಶ್ನೆ ಕೇಳಲಿಲ್ಲ. “ನಂಗೊತ್ತಿಲ್ಲ ಸಾರ್” ಅಂದ.

“ಮುಗಿಸು” ಅಂದೆ. ಯಾಕೆ ಅಂದೆನೋ ತಿಳಿಯದು. ಪಾಲು ಮಾಡುವುದಾದರೂ ಮನೆ ಒಂದೇ ಆಗಿರಲಿ ಅನ್ನಿಸಿರಬೇಕು.

ಈಗ ಪೂರ್ತಿ ಹಂಚು. ರಸ್ತೆಯ ಆಚೆ ನಿಂತು ನೋಡಿದರೆ ಚೆಂದ ಕಾಣುತ್ತದೆ, ಅದನ್ನು ಸುಳ್ಳು ಹೇಳಲಾರೆ. ಒಳಗೆ ತಣ್ಣಗಿದೆ. ನಿನ್ನ ಹೊಲಿಗೆ ಮಿಷನ್ನನ್ನು ಮತ್ತೆ ಅದರ ಜಾಗಕ್ಕೆ ತಳ್ಳಿದೆ, ಆಮೇಲೆ ಯಾರಿಗೆ ಎಂದು ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ. ಅದನ್ನು ನಿನಗೆ ಕಳಿಸಿಕೊಡುತ್ತೇನೆ. ಅದನ್ನು ಇಬ್ಬರಿಗೆ ಹಂಚಲು ಬರುವುದಿಲ್ಲ.

ಮಾರಾಟದ ಬಗ್ಗೆ ನೀನು ಹೆದರಬೇಡ. ಎಷ್ಟಕ್ಕೇ ಹೋಗಲಿ, ಸಮನಾಗಿ ಎರಡು ಪಾಲು. ಹಂಚಿಗೆ ಹಾಕಿದ್ದು ನನ್ನ ಕಿವಿಯ ತಪ್ಪು, ಅದು ನನ್ನ ಪಾಲಿನಲ್ಲಿ ಹೋಗಲಿ. ಎಲ್ಲಿ ರುಜು ಹಾಕಬೇಕೋ ಹಾಕುತ್ತೇನೆ. ಅಕ್ಕ ಸಿಟ್ಟಾಗಿದ್ದಾಳೆ, ನಿನಗಿಂತ ಹೆಚ್ಚು ನನ್ನ ಮೇಲೆ. “ಒಂದು ಮಾತೂ ಎದುರಾಡಲ್ವಾ, ಹೋಗಿ ಕರ್ಕೊಂಡು ಬರಲ್ವಾ?” ಅನ್ನುತ್ತಾಳೆ. ಯಾರನ್ನು ಕರೆದುಕೊಂಡು ಬರುವುದು? ಚೆನ್ನಾಗಿರುವವಳನ್ನು? ನೀನು ವಾರ್ಡಿನಲ್ಲಿ ಹುಷಾರಾದವರನ್ನು ಬಲವಂತವಾಗಿ ಮಂಚದಲ್ಲಿ ಮಲಗಿಸುತ್ತೀಯಾ? ಹಾಗೆಂದು ಕೇಳಿದ್ದಕ್ಕೆ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಹೋದಳು. ನಾನು ಹೇಳಿದ್ದು ಸರಿಯೋ ತಪ್ಪೋ, ಅದೂ ನನಗೆ ಗೊತ್ತಿಲ್ಲ.

ನಿನಗೆ ಒಳ್ಳೆಯದಾಗಲಿ. ಈ ಸಲ ಬಾಯಿಮಾತಿಗೆ ಹೇಳುತ್ತಿಲ್ಲ. ನಿನ್ನ ಹೆಸರಿನಲ್ಲೊಂದು ಸಣ್ಣ ಮನೆಯಾಗಲಿ, ಅದು ಸೋರದಿರಲಿ. ಕಾಲುನೋವಿಗೆ ದಪ್ಪ ಅಟ್ಟೆಯ ಚಪ್ಪಲಿಯನ್ನೇ ಹಾಕು.

ಇಂತಿ
ಕನ್ನಡಕದವನು

ಒಂದು ಮಾತು ಉಳಿಯಿತು. ಬರೆಯಬಾರದು ಅಂದುಕೊಂಡಿದ್ದೆ, ಕಾಗದ ಮಡಚಿದವನು ಮತ್ತೆ ಬಿಚ್ಚಿದ್ದೇನೆ. ನಿನ್ನೆ ವಾಪಸಪ್ಪ ಸಿಕ್ಕಿದ್ದ. ಮನೆ ಮಾರಿ ಸಮ ಪಾಲು ಎಂದು ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. “ಗೊತ್ತು ಸಾರ್. ಆ ಊರಿಗೆ ಹೋಗೋ ಮುಂಚೆನೇ ಮೇಡಂ ನಮ್ಮ ಆಫೀಸಿಗೆ ಬಂದು, ಈ ಮನೆ ಇದ್ದ ಹಾಗೇ ಮಾರಿದ್ರೆ ಅರ್ಧಕ್ಕೆ ಎಷ್ಟು ಬರುತ್ತೆ ಅಂತ ಕೇಳ್ಕೊಂಡು ಹೋಗಿದ್ರು. ಅದಕ್ಕೇ ಹಂಚು ಹಾಕ್ಸಿ ಅಂದ್ರು ಅಂದಾಗ ನಂಗೆ ನಂಬಿಕೆ ಬರ್ಲಿಲ್ಲ” ಅಂದ. ಯಾವತ್ತು ಎಂದು ಕೇಳಿದೆ. ದಿನ ನೆನಪಿಲ್ಲವಂತೆ. “ಕೈಯಲ್ಲೊಂದು ಸ್ವೆಟರ್ ಇತ್ತು ಸಾರ್, ಗಂಡಸರದ್ದು. ನಮ್ಮ ಮನೆಯವರಿಗೆ ಚಳಿ ಜಾಸ್ತಿ ಅಂತ ಬಿಚ್ಚಿ ತೋರಿಸಿದ್ರು” ಅಂದ. ಆ ದಿನ ಅವನಿಗೆ ನೆನಪಿಲ್ಲದಿದ್ದರೂ ನನಗೆ ನೆನಪಿದೆ. ಅವತ್ತು ಸಂಜೆ ಆ ಸ್ವೆಟರನ್ನು ನನಗೆ ನೀನೇ ತೊಡಿಸಿ, ಭುಜ ಜಗ್ಗಿ ನೋಡಿ, ತೋಳು ಉದ್ದವಾಯಿತು ಎಂದು ಎರಡು ಮಡಿಕೆ ಮಡಚಿ, ನನ್ನನ್ನು ಗೇಲಿ ಮಾಡಿ ನಕ್ಕಿದ್ದೆ. ಅಷ್ಟು ನಕ್ಕು ಎಷ್ಟು ಕಾಲವಾಗಿತ್ತು. ಮಾತು ಕಮ್ಮಿಯಾಗಿದ್ದ ನಾವು ಸರಿಹೋದೆವು ಎಂದು ನಾನು ಮಾರನೆಯ ದಿನ ಅಂಗಡಿಯಲ್ಲಿ ಎಲ್ಲರಿಗೂ ಟೀ ಕೊಡಿಸಿದ್ದೆ ಕಣೆ. ಅವತ್ತು ನೀನು ಹೊರಡುವುದು ಗಟ್ಟಿಯಾಯಿತೆಂಬ ಸಂತೋಷಕ್ಕೆ ನಕ್ಕೆಯಾ, ಇಲ್ಲ ಬಿಟ್ಟುಹೋಗುತ್ತೇನಲ್ಲ ಎಂದು ನನ್ನ ಮೇಲೆ ಅಷ್ಟು ಅಕ್ಕರೆ ಬಂತಾ? ಯಾವುದಾದರೂ ಸರಿ, ಒಂದು ಸಾಲು ಬರೆ. ಬೆಳಿಗ್ಗೆ ಇನ್ನೂ ಚಳಿ ಇದೆ, ಸ್ವೆಟರ್ ತೊಡುವಾಗೆಲ್ಲ ಕೈ ತಡೆಯುತ್ತದೆ. ತೋಳಿನ ಮಡಿಕೆಯನ್ನು ನಾನು ಇನ್ನೂ ಬಿಚ್ಚಿಲ್ಲ.